ಕೋಥ್ರೂಡಿನ ಎರಡನೇ ಕುರ್ಚಿ

ಮಗಳು ಸ್ಕೂಟರಿನಿಂದ ಬಿದ್ದು ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಂಡ ಸಂಗತಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಎಂದರೆ ಹೆಂಡತಿಗೆ, ಕೆಲಸದಾಕೆಗೆ, ಮೇಲಿನ ಮನೆಯ ಅಜ್ಜಿಗೆ. ನನಗೆ ಗೊತ್ತಾದದ್ದು ಹೊಲಿಗೆ ಬಿಚ್ಚಿದ ಮೇಲೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ಹೇಳಿದ್ರ ಏನ್ ಮಾಡ್ತಿದ್ರಿ? ಆಕಿ ಕಾಲು ನೋಡೂದೋ, ನಿಮ್ಮನ್ನ ನೋಡೂದೋ?"

ಮಾತು ಸುಳ್ಳಲ್ಲ. ಮಗಳು ಆಫೀಸು ಮುಟ್ಟುವ ಹೊತ್ತಿಗೆ ಫೋನು ಮಾಡುವವನು ನಾನು. ಎತ್ತದಿದ್ದರೆ ಅವಳ ಗೆಳತಿಗೆ ಮಾಡುವವನು. ಪುಣೆಯ ಅಂಚಿನ ಕಾತ್ರಜದ ಘಾಟಿನಲ್ಲಿ ಲಾರಿ ಮಗುಚಿತೆಂದು ಸುದ್ದಿ ಬಂದರೆ, ಅವಳ ಆಫೀಸು ಊರಿನ ಇನ್ನೊಂದು ತುದಿಗಿದ್ದರೂ, ಯಾವುದಕ್ಕೂ ಒಮ್ಮೆ ಕೇಳಿಬಿಡೋಣ ಎನ್ನಿಸುತ್ತದೆ. ಇಷ್ಟೆಲ್ಲ ಚಿಂತೆ ಮಾಡಿ, ಕೊನೆಗೆ ಚಿಂತೆ ಮಾಡಬೇಕಾದ ಸಂಗತಿಯೇ ನನ್ನವರೆಗೆ ಬಾರದಂತೆ ಮಾಡಿಕೊಂಡಿದ್ದೆ. ಅವಳು ಮತ್ತೆ ನನಗೆ ಹೇಳುವಂತಾಗಬೇಕು. ಆ ಒಂದು ಆಸೆಯಿಂದ ಥೆರಪಿಸ್ಟ್ ಹುಡುಕಲು ಹೊರಟೆ.

ಮೊದಲು ಸಿಕ್ಕವರು ಕೋಥ್ರೂಡಿನ ಮರಾಠಿ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. "ಇಲ್ಲಿಗೆ ಬರುವುದು ಮುಗಿದಾಗ ನಿಮ್ಮ ಮನೆಯಲ್ಲಿ ಏನು ಬದಲಾಗಿರಬೇಕು?" ಎಂದು ಮರಾಠಿಯಲ್ಲಿ ಕೇಳಿ ಸುಮ್ಮನೆ ಕುಳಿತರು. ಸುಮ್ಮನೆ ಕೂರುವವರ ಮುಂದೆ ನನಗೆ ಬೆವರು. ನನ್ನ ಮರಾಠಿ ಬ್ಯಾಂಕಿನದು, ಸೊಸೈಟಿ ಮೀಟಿಂಗಿನದು, ಸಂತೆಯದು. ಯಾರು ಏನು ಕೇಳಿದರೂ 'ಸಗಳಂ ಠೀಕ್', ಎಲ್ಲ ಸರಿಯಿದೆ, ಎನ್ನುವುದು ಅದರಲ್ಲಿ ಬಾಯಿಪಾಠವಾಗಿಬಿಟ್ಟಿದೆ. ಅಲ್ಲಿಯೂ ಅದನ್ನೇ ಅಂದೆ. ಮನೆಯಲ್ಲಿ ಎಲ್ಲ ಸರಿಯಿದ್ದವನು ಇಲ್ಲಿಗೇಕೆ ಬಂದ ಎಂದು ಅವರು ಕೇಳಲಿಲ್ಲ, ಪುಣ್ಯ. ಒಂದೆರಡು ಭೇಟಿ ನಿದ್ದೆ, ಅಸಿಡಿಟಿ ಎಂದು ತಳ್ಳಿದ ಮೇಲೆ ಹೇಗೋ ಮೊಣಕಾಲಿನ ಮಾತು ಹೊರಬಿತ್ತು. ಅವರು ನನ್ನ ಪಕ್ಕದ ಖಾಲಿ ಕುರ್ಚಿ ತೋರಿಸಿ, "ಮಗಳು ಒಪ್ಪಿದರೆ ಮುಂದಿನ ಶನಿವಾರ ಕರೆದುಕೊಂಡು ಬನ್ನಿ" ಎಂದರು.

ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ಕೇಳಿದೆ. ಒಪ್ಪಿಬಿಟ್ಟಳು.

"ಬರ್ತೀನಿ ಪಪ್ಪಾ. ನಂದೂ ಭಾಳ ಮಾತಾಡೂದದ. ನೀ ಮಾತ್ರ ನಡುವ ಬಾಯಿ ಹಾಕಬಾರದು."

ಭಾಳ ಎಂದರೆ ಎಷ್ಟು? ಶುಕ್ರವಾರದ ಹೊತ್ತಿಗೆ ಅದು ನನ್ನ ತಲೆಯಲ್ಲಿ ಒಂದು ಕೋರ್ಟು ಖಟ್ಲೆಯಷ್ಟಾಗಿತ್ತು. ಕೋಥ್ರೂಡಿನವರಿಗೆ ಫೋನು ಮಾಡಿ ಬರುವುದಿಲ್ಲವೆಂದೆ. ಮನೆಯಲ್ಲಿ ಕಾರಣ ಕೊಟ್ಟೆ: ಮನಸ್ಸಿನ ಮಾತು ಮನೆಯ ಮಾತಿನಲ್ಲೇ ಆಗಬೇಕು, ಕನ್ನಡದವರು ಸಿಗಲಿ, ಆಮೇಲೆ ಎಲ್ಲರೂ ಕೂಡೋಣ. ಮಗಳು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅವಳು ಜಗಳಾಡುವುದು ಮರಾಠಿಯಲ್ಲಿ, ನಿದ್ದೆಯಲ್ಲಿ ಕನವರಿಸುವುದೂ ಮರಾಠಿಯಲ್ಲೇ. ಅದು ಆಗ ಹೊಳೆಯಲಿಲ್ಲ ಎನ್ನಲಾರೆ. ಹೊಳೆದದ್ದನ್ನು ಬದಿಗೆ ಸರಿಸಿದೆ.

"ಕನ್ನಡದವರು ಎಲ್ಲಿದ್ದಾರ ಇಲ್ಲಿ?" ಎಂದಳು.

"ಹುಡುಕ್ತೀನವಾ."

"ಹುಡುಕು," ಎಂದು ತನ್ನ ಕೋಣೆಗೆ ಹೋದಳು.

ಕೆಲವು ತಿಂಗಳು ಹಿಡಿಯಿತು. ಕಾತ್ರಜದ ಹತ್ತಿರ ಒಬ್ಬರು ಸಿಕ್ಕರು, ನನಗಿಂತ ಚಿಕ್ಕ ಹೆಣ್ಣುಮಗಳು. "ಬರ್ರಿ, ಕೂಡ್ರಿ" ಎಂಬ ಎರಡು ಮಾತಿಗೇ ಅರ್ಧ ಗುಣವಾದಂತಾಯಿತು. ಉಳಿದರ್ಧವನ್ನು ಕೆಡಿಸಿದವನು ನಾನು. ನಮ್ಮ ಕಡೆಯವರು ಪರವೂರಿನಲ್ಲಿ ಕಂಡರೆ ಮೊದಲು ಏನು ಕೇಳುತ್ತೇವೋ ಅದನ್ನೇ ಕೇಳಿದೆ.

"ಯಾವೂರ್ರಿ ಮೇಡಂ ನಿಮ್ದು?"

"ಬಾಗಲಕೋಟಿ ಕಡೇರಿ. ಅದಿರ್ಲಿ, ನಿಮ್ಮ ಬಗ್ಗೆ ಹೇಳ್ರಿ."

"ಬಾಗಲಕೋಟ್ಯಾಗ ಯಾರ ಪೈಕಿ?"

ಅವರು ಮಾತು ತಿರುಗಿಸಿ ನೋಡಿದರು. ನಾನು ಬಿಡಲಿಲ್ಲ. ಕುರ್ಚಿ ಬೆಚ್ಚಗಾಗುವುದರೊಳಗೆ ಅವರ ಸೋದರತ್ತೆಯನ್ನು ಕೊಟ್ಟ ಮನೆ, ನನ್ನ ಹೆಂಡತಿಯ ತವರು, ಎರಡೂ ಒಂದೇ ಓಣಿ ಎಂದು ಪತ್ತೆ ಹಚ್ಚಿದೆ. ಪತ್ತೆ ಹಚ್ಚಿದ ಖುಷಿ ಇಳಿಯುವ ಮೊದಲೇ ಹೆದರಿಕೆ ಏರಿತು. ಇಲ್ಲಿ ಆಡಿದ್ದು ಆ ಓಣಿ ಮುಟ್ಟಿದರೆ? ಅವರು ಹೇಳುವವರಲ್ಲ ಎಂದು ನನಗೆ ಗೊತ್ತು, ನನ್ನ ಚಿಂತೆಗೆ ಗೊತ್ತಿಲ್ಲ. ಉಳಿದ ಹೊತ್ತೆಲ್ಲ ಮಗಳು ಎಷ್ಟು ಜಾಣೆ, ಮನೆ ಎಷ್ಟು ನೆಮ್ಮದಿ ಎಂದು ಅಚ್ಚಗನ್ನಡದಲ್ಲಿ ಬಣ್ಣಿಸಿದೆ.

ಕೊನೆಗೆ ಅವರು ನಕ್ಕರು. "ಬೀಗರ ಮನಿಗೆ ಬಂದಂಗ ಮಾತಾಡಾಕತ್ತೀರಿ. ನನ್ನ ಮುಂದ ನೀವು ಬಾಯಿ ಬಿಡೂದು ಆಗೂದಿಲ್ರಿ. ಇಷ್ಟು ಸಂಬಂಧ ತಗದ ಮ್ಯಾಲ ನಾ ನಿಮ್ಮನ್ನ ನೋಡೂದೂ ಸರಿ ಅಲ್ಲ. ಮೊದಲ ಒಬ್ಬರ ಕಡೆ ಹೋಗ್ತಿದ್ದೆ ಅಂದ್ರೆಲಾ, ಯಾಕ ಬಿಟ್ರಿ?"

"ಅವರು ಮರಾಠಿಯವರ್ರಿ."

"ಅದಕ್ಕ ಬಿಟ್ರ್ಯಾ?"

ಚಪ್ಪಲಿ ಹುಡುಕುವ ನೆವದಲ್ಲಿ ಎದ್ದೆ.

ಕೋಥ್ರೂಡಿನವರಲ್ಲಿ ನನ್ನ ಹೊತ್ತು ಬೇರೆಯವರಿಗೆ ಹೋಗಿತ್ತು. ಮತ್ತೆ ಜಾಗ ಸಿಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಮಗಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ಹೇಳಿದೆ, ಈ ಶನಿವಾರ, ಇಬ್ಬರೂ.

"ನೀ ಹೋಗಿ ಬಾ ಪಪ್ಪಾ. ನಂದೇನಿಲ್ಲ ಈಗ."

"ಭಾಳ ಮಾತಾಡೂದದ ಅಂದಿದ್ದೆಲಾ?"

"ಆವಾಗ ಇತ್ತು."

ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಮೆಟ್ಟಿಲಿಳಿಯುತ್ತ ತಿರುಗಿ, ನಾನು ನೆರೆಯವರಿಗೆ ಹೇಳುವ ದನಿಯಲ್ಲೇ ಅಂದಳು: "ಸಗಳಂ ಠೀಕ್."

ಶನಿವಾರ ಒಬ್ಬನೇ ಹೋದೆ. ಕೋಣೆಯಲ್ಲಿ ಎರಡನೇ ಕುರ್ಚಿ ಇದ್ದಲ್ಲೇ ಇತ್ತು; ನನ್ನ ಚೀಲ ಅದರ ಮೇಲಿಡಲು ಹೋಗಿ ನೆಲದ ಮೇಲಿಟ್ಟೆ. ಅವರು ಹಳೆಯ ಪ್ರಶ್ನೆಯನ್ನೇ ಕೇಳಿ ಸುಮ್ಮನೆ ಕುಳಿತರು. ಅವಳು ಬರುತ್ತೇನೆ ಅಂದಿದ್ದಳು, ನಾನೇ ಬೇಡ ಅಂದೆ ಎಂದು ಮರಾಠಿಯಲ್ಲೇ ತಡವರಿಸುತ್ತ ಹೇಳಿದೆ. ಅವರಿಗೆ ಅರ್ಥವಾಯಿತು. ಅಷ್ಟು ಮರಾಠಿ ನನಗೆ ಅವಳು ಒಪ್ಪಿದ ದಿನವೂ ಬರುತ್ತಿತ್ತು.