ಮೆಂತ್ಯ ಹಚ್ಚಿದ್ದು ನಾನೇ

ಗಂಗಾ, ನಿನ್ನ ತಲೆಯಲ್ಲಿ ಜಡೆಗಟ್ಟಿದ್ದು ಎಲ್ಲಮ್ಮನಿಂದಲ್ಲ, ನನ್ನಿಂದ. ಅವತ್ತು ಅವ್ವನ ಮುಂದೆ ನೀನು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಬರೆಯಲು ಇಷ್ಟೇ ಇತ್ತು ನೋಡು. ಆದರೂ ಬರೆದದ್ದನ್ನು ಮತ್ತೆ ಮತ್ತೆ ಓದುತ್ತಿದ್ದೇನೆ — ಆ ಅಮ್ಮನಿಂದಲ್ಲ ಎಂದು ಹೇಳಲು ನಾನು ಯಾರು? ನನ್ನ ಕೈಯಿಂದ ಅವಳೇ ಮಾಡಿಸಿದ್ದರೆ? ಹೀಗೆ ಯೋಚಿಸಿ ಯೋಚಿಸಿಯೇ ನಾನು ಇಷ್ಟು ವರ್ಷ ಸುಮ್ಮನಿದ್ದುಬಿಟ್ಟೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ವಿಷಯವನ್ನು ಸಾಲಾಗಿ ಜೋಡಿಸಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ನಿಂತಾಗ ನಾಲಿಗೆ ಮತ್ತೆ ಸುಳ್ಳಿಗೆ ಹೊರಳಬಾರದು ಎಂದು ಮೊದಲು ಬರೆದುಕೊಳ್ಳುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಅದು ನಿನಗೆ ಇನ್ನೂ ಗೊತ್ತಿದೆಯೋ, ಅಥವಾ ನಾವೆಲ್ಲ ಸೇರಿ ನಿನ್ನ ನೆನಪನ್ನೇ ಕಸಿದುಕೊಂಡೆವೋ — ಅದೂ ನನಗೆ ತಿಳಿಯುತ್ತಿಲ್ಲ.

ಆಗ ನೀನು ಎಂಟನೇ ಕ್ಲಾಸು. ಅಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವ್ವ ಕಾನಹೊಸಹಳ್ಳಿಯ ಬಸ್ಸು ನಿಲ್ಲುವ ಕಡೆ ಮಂಡಕ್ಕಿ ಮಿರ್ಚಿಯ ಗಾಡಿ ಇಟ್ಟಿದ್ದಳು. ನಿನ್ನ ಕೂದಲು ಅಪ್ಪನ ಕಡೆಯದು. ಗುಂಗುರೂ ಅಲ್ಲ, ನೇರವೂ ಅಲ್ಲ, ಒಂದೊಂದು ಎಳೆ ಒಂದೊಂದು ದಿಕ್ಕಿಗೆ. ಬೋರಿನ ಗಡಸು ನೀರಿನಲ್ಲಿ ತೊಳೆದ ದಿನವಂತೂ ತಲೆ ಎರಡರಷ್ಟಾಗಿ ಕಾಣುತ್ತಿತ್ತು. ನೀನು ಗಾಡಿಯ ಹತ್ತಿರ ಬಂದರೆ ಹುಡುಗರು ಕಾಯುತ್ತಿದ್ದರು.

"ಲೇ ಗಂಗಿ, ತಲ್ಯಾಗ ಗುಬ್ಬಿ ತತ್ತಿ ಇಟ್ಟಾವೇನ?"

"ಇಟ್ಟಾವ. ಬಾಯಿ ತೆಗಿ, ಒಂದು ಹಾಕ್ತೀನಿ."

ನೀನು ಹೀಗೆ ಹೇಳಿ ನಗುತ್ತಾ ಮಂಡಕ್ಕಿ ಕಲಸುತ್ತಿದ್ದೆ. ನಾಚಿಕೆಯಾಗುತ್ತಿದ್ದುದು ನನಗೆ. ಇದನ್ನೂ ಒಪ್ಪಿಕೊಳ್ಳಬೇಕು — ನಿನ್ನ ಕೂದಲನ್ನು ನೆಟ್ಟಗೆ ಮಾಡಬೇಕು ಎಂದು ನಾನು ಹೊರಟಿದ್ದು ನಿನಗಾಗಿ ಅಲ್ಲ.

ನಮ್ಮ ಸೀಮೆಯದೇ ಅರಸೀಕೆರೆ ಕಡೆಯವರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅದಕ್ಕೆ ಮೊದಲು ಬಂದವರಿಬ್ಬರು ನನ್ನನ್ನು ಒಪ್ಪದೆ ಹೋಗಿದ್ದರು. ಅವ್ವ ಗಾಡಿಗೆ ಹೊರಡುವಾಗ ನನಗೆ ಅಂದಳು, "ನಿನ್ನ ತಂಗೀದು ತಲಿ ಒಂದೀಟು ಸರಿ ಮಾಡು. ಹೆಣ್ಣು ನೋಡಾಕ ಬಂದೋರು ಮನ್ಯಾಗಿನ ಎಲ್ಲಾ ನೋಡ್ತಾರ."

ಫೋನಿನಲ್ಲಿ ಒಬ್ಬಾಕೆ ತೋರಿಸುತ್ತಿದ್ದಳು. ಅಗಸೆ ಬೀಜ ಕುದಿಸಿ ಬಟ್ಟೆಯಲ್ಲಿ ಹಿಂಡಿದರೆ ಲೋಳೆ ಬರುತ್ತದೆ, ನೆನೆಸಿದ ಮೆಂತ್ಯವನ್ನು ಬೆಣ್ಣೆಯಂತೆ ರುಬ್ಬಿ ಅದಕ್ಕೆ ಕೂಡಿಸಬೇಕು, ಅರ್ಧ ಗಂಟೆ ಬಿಟ್ಟು ತಣ್ಣೀರಿನಲ್ಲಿ ತೊಳೆಯಬೇಕು, ಕೂದಲು ರೇಷ್ಮೆಯಾಗುತ್ತದೆ. ಅಗಸೆ ನಮ್ಮ ಮನೆಯಲ್ಲಿ ಚಟ್ನಿಗೆಂದು ಇದ್ದೇ ಇತ್ತು. ಮೆಂತ್ಯವನ್ನು ನಾನು ಅರೆಬರೆ ರುಬ್ಬಿದೆ. ಜೊತೆಗೆ ಎರಡು ತತ್ತಿ ಒಡೆದು ಹಾಕಿದೆ. ಅದು ಆಕೆ ಹೇಳಿದ್ದಲ್ಲ, ನನ್ನ ಸ್ವಂತ ಬುದ್ಧಿ. ಮಾಳಿಗೆಯ ಮೇಲೆ ನಿನ್ನನ್ನು ಕೂರಿಸಿ ಬುಡದಿಂದ ತುದಿಯವರೆಗೆ ಮೆತ್ತಿದೆ. "ಅಕ್ಕ, ನನ್ನ ತಲಿ ಬೋಂಡಾ ಕರಿಯಾಕ ರೆಡಿ ಆತು ನೋಡು" ಎಂದು ನೀನು ನಗಿಸಿದೆ. ಇಬ್ಬರೂ ಬಹಳ ನಕ್ಕೆವು.

ಅಷ್ಟರಲ್ಲಿ ಕೆಳಗೆ ನಲ್ಲಿಗೆ ನೀರು ಬಂತು. ವಾರಕ್ಕೊಮ್ಮೆ ಬರುವ ನೀರು, ಬಿಟ್ಟರೆ ಇಲ್ಲ. ನಾನು ಬಂದು ತೊಳೆಯುತ್ತೇನೆ, ಏಳಬೇಡ ಎಂದು ನಿನಗೆ ಹೇಳಿ ಕೊಡ ತೆಗೆದುಕೊಂಡು ಓಡಿದೆ. ಅಲ್ಲಿ ಸಾಲು, ಸಾಲಿನಲ್ಲಿ ಜಗಳ, ಮತ್ತೆ ಸಾಲು. ಇರುವ ಬಿಂದಿಗೆಗಳನ್ನೆಲ್ಲ ತುಂಬಿಸಿ ಮೇಲೆ ಬರುವ ಹೊತ್ತಿಗೆ ಬಿಸಿಲಿನಲ್ಲಿ ನಿನ್ನ ತಲೆ ಗೋಡೆಗೆ ಬಡಿದ ಮಣ್ಣಿನಂತೆ ಬಿರುಸಾಗಿತ್ತು. ಗಾಬರಿಯಲ್ಲಿ ಹಂಡೆಯ ಸುಡುನೀರು ತಂದು ಸುರಿದೆ. ತತ್ತಿ ಕೂದಲಿನಲ್ಲೇ ಬೆಂದು ಬಿಳಿ ಬಿಳಿ ಚೂರಾಗಿ ಹಿಡಿಯಿತು. ಮೆಂತ್ಯದ ತರಿ ಒಳಗೆ, ಅಗಸೆಯ ಅಂಟು ಮೇಲೆ. ಬಾಚಣಿಕೆ ಹಾಕಿದರೆ ಹಲ್ಲು ಮುರಿಯಿತು. ನೀನು ಅಳುತ್ತಾ ಹೇಳಿದೆ, "ಕತ್ತರಿಸಿಬಿಡಕ್ಕ. ಮತ್ತ ಬೆಳಿತೈತಿ."

ಎಷ್ಟು ಸುಲಭದ ಮಾತು. ಕತ್ತರಿ ಕೈಗೆಟುಕುವಲ್ಲೇ ಇತ್ತು. ನಾನು ಅಂದೆ, "ಬೋಳುತಲಿ ಇಟ್ಕಂಡು ಬಂದೋರ ಮುಂದ ನಿಂದರ್ತೀಯೇನು? ಅವರು ಬಂದು ಹೋಗ್ಲಿ, ತಡಿ."

ಹಳೆಯ ಸೀರೆಯ ಚೂರಿನಿಂದ ನಿನ್ನ ಕೂದಲನ್ನು ಗಂಟು ಕಟ್ಟಿ, ಬೇವಿನ ಎಣ್ಣೆ ಹಾಕಿದ್ದೇನೆ, ಹೇನಿಗೆ ಒಳ್ಳೆಯದು, ವಾರ ಬಿಚ್ಚಬಾರದು ಎಂದು ಅವ್ವನಿಗೆ ಹೇಳಿದೆ. ಅವ್ವ ಬೆಳಿಗ್ಗೆ ಹೋದರೆ ಕತ್ತಲಾಗಿ ಬರುವವಳು, ನಂಬಿದಳು. ನಾನು ದಿನಾ ಸ್ವಲ್ಪ ಎಣ್ಣೆ ಬಿಟ್ಟು ಬಿಡಿಸಲು ನೋಡುತ್ತಿದ್ದೆ, ನೀನು ನೋವಿಗೆ ಕಿರುಚುತ್ತಿದ್ದೆ, ನಾನು ಮತ್ತೆ ಕಟ್ಟುತ್ತಿದ್ದೆ. ಒಳಗೆ ಅದು ಕಂಬಳಿಯಂತೆ ಹೆಣೆದುಕೊಳ್ಳುತ್ತಾ ಹೋಯಿತು.

ಅರಸೀಕೆರೆಯವರು ಬರುವ ಹಿಂದಿನ ದಿನ ಅವ್ವನೇ ನಿನಗೆ ಎರೆಯಲೆಂದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಓಣಿಯ ದುರುಗಮ್ಮಜ್ಜಿ ನಮ್ಮ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಅಜ್ಜಿ ಎದ್ದು ಬಂದು ಆ ಗಂಟನ್ನು ಮುಟ್ಟಿದಳು. ಕೈ ತೆಗೆದು ಕಣ್ಣಿಗೆ ಒತ್ತಿಕೊಂಡಳು.

"ಮುಟ್ಟಬ್ಯಾಡ. ಅಮ್ಮ ಬಂದಾಳ."

ನೀನು ತಕ್ಷಣ ಹೇಳಿದೆ, "ಅಮ್ಮ ಅಲ್ಲಜ್ಜಿ, ಅಕ್ಕ ಹಚ್ಚ್ಯಾಳ. ಮೆಂತೆ, ತತ್ತಿ, ಅಗಸಿ. ಬೇಕಾರ ಮೂಸಿ ನೋಡವ್ವ."

ಅಜ್ಜಿ ಬಗ್ಗಿ ಮೂಸಿದಳು. "ಅಮ್ಮ ಬರೋವಾಗ ಹಿಂಗ ಒಂದು ವಾಸನಿ ಬರ್ತೈತಿ" ಎಂದಳು.

ಅವ್ವ ನನ್ನ ಕಡೆ ತಿರುಗಿದಳು. "ಏನರ ಹಚ್ಚೀಯೇನ? ಖರೇ ಹೇಳು."

"ಎಣ್ಣಿ ಬಿಟ್ರ ಏನೂ ಹಚ್ಚಿಲ್ಲವ್ವ."

ಇಷ್ಟೇ. ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ. ನಾನು ಈಗ ನಕ್ಕು, ಹೂಂ ನಾನೇ ಎಂದುಬಿಡುತ್ತೇನೆ ಎಂದು ಕಾಯುವವಳಂತೆ. ಅವ್ವ ನಿನ್ನ ಕೆನ್ನೆಗೆ ಹೊಡೆದಳು, ಅಮ್ಮನ ವಿಷಯದಲ್ಲಿ ಸುಳ್ಳು ಹೇಳುತ್ತೀಯಾ ಎಂದು. ಹೊಡೆದ ಮರುಕ್ಷಣ, ಅಮ್ಮ ಬಂದವಳನ್ನು ಹೊಡೆದೆನಲ್ಲ ಎಂದು ನಿನ್ನ ಕಾಲು ಹಿಡಿದುಕೊಂಡು ಅತ್ತಳು. ನೀನು ಗೋಡೆಗೆ ಒರಗಿ ನಿಂತೇ ಇದ್ದೆ.

ಯಾಕೆ ಹಾಗೆಂದೆ? ಏಟಿಗೆ ಹೆದರಿದೆನೇ? ನಿಜ ಹೇಳಿದರೆ ಅವ್ವ ಅಲ್ಲೇ ನಿನ್ನ ತಲೆ ಬೋಳಿಸುತ್ತಿದ್ದಳು, ಮರುದಿನ ಬಂದವರು ಅಪಶಕುನ ಎಂದು ತಿರುಗಿ ಹೋಗುತ್ತಿದ್ದರು — ಅದನ್ನು ಲೆಕ್ಕ ಹಾಕಿದೆನೇ? ಅಥವಾ ಅಜ್ಜಿ ಕಣ್ಣಿಗೆ ಕೈ ಒತ್ತಿಕೊಂಡ ಆ ಗಳಿಗೆಯಲ್ಲಿ ನನಗೂ ನಿಜವಾಗಿ ಭಯವಾಗಿ, ನನ್ನ ಕೈಯ ಕೆಲಸವೇ ನನಗೆ ಮರೆತುಹೋಯಿತೇ? ಒಂದೊಂದು ದಿನ ಒಂದೊಂದು ಉತ್ತರ ಹೊಳೆಯುತ್ತದೆ. ಯಾವುದೂ ನನ್ನನ್ನು ಬಿಡಿಸುವುದಿಲ್ಲ.

ಮರುದಿನ ಅವರು ಬಂದರು. ನಿನಗೆ ಅರಿಶಿನ ಹಚ್ಚಿ ಮಣೆಯ ಮೇಲೆ ಕೂರಿಸಿದ್ದರು. ಈಗ ನನ್ನ ಅತ್ತೆಯಾಗಿರುವವರು ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ನಿನಗೆ ಅಡ್ಡಬಿದ್ದು ಎದ್ದು, "ಅಮ್ಮ ಬಂದಿರೋ ಮನಿ, ಇನ್ನ ನಾವು ನೋಡೋದೇನೈತಿ" ಎಂದರು. ನನ್ನ ಮದುವೆ ಗೊತ್ತಾಗಿದ್ದು ಹೀಗೆ. ನನ್ನ ಮುಖಕ್ಕಲ್ಲ, ಗುಣಕ್ಕಲ್ಲ. ನಾನು ಕೆಡಿಸಿದ ನಿನ್ನ ತಲೆಗೆ.

ಸೋಮವಾರ ನೀನು ಯೂನಿಫಾರ್ಮ್ ಹಾಕಿಕೊಂಡು ಕಟ್ಟೆಯ ಮೇಲೆ ಬಂದು ಕೂತೆ. ಅವ್ವ ಒಳಗೆ ಕರೆದು ಬದಲಾಯಿಸಿದಳು. ಶಾಲೆಯಲ್ಲಿ ಹುಡುಗಿಯರು ಜಡೆ ಎಳೆದರೆ ಅಮ್ಮ ಮುನಿಯುತ್ತಾಳೆ ಎಂದಳು. ಮೇಷ್ಟ್ರು ಮನೆಗೆ ಬಂದು ಕೇಳಿದರು. ಅವ್ವ ಚಹ ಕೊಟ್ಟು ಕಳಿಸಿದಳು. ದೇವರ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದು ಈಗ ತಪ್ಪು, ಜೈಲಾಗುತ್ತದೆ. ಅವ್ವನಿಗೆ ಅದು ಗೊತ್ತಿತ್ತು, ಅವಳು ಅದನ್ನು ಮಾಡಲಿಲ್ಲ. ಹಾಗಾಗಿ ನಾವೇನೂ ತಪ್ಪು ಮಾಡಿಲ್ಲ ಎಂದು ಎಲ್ಲರೂ ಅಂದುಕೊಂಡೆವು. ಬರೀ ಜಡೆ ತಾನೇ? ಆದರೆ ಜಡೆಗೆ ಕತ್ತರಿ ಹಾಕುವಂತಿಲ್ಲ, ಬಾಚಣಿಕೆ ಮುಟ್ಟಿಸುವಂತಿಲ್ಲ. ಜಡೆ ಬಂದವಳನ್ನು ಕೇಳಿಕೊಂಡು ಯಾವ ಗಂಡಿನ ಕಡೆಯವರೂ ಬರುವುದಿಲ್ಲ. ಮಂಗಳವಾರ, ಶುಕ್ರವಾರ ಹೆಂಗಸರು ಅರಿಶಿನದ ಭಂಡಾರ, ಕಾಯಿ, ಉಡಿ ತುಂಬುವ ಅಕ್ಕಿ ಹಿಡಿದು ಬರತೊಡಗಿದರು. ಕೆಲವು ವರ್ಷಗಳಲ್ಲಿ ಅವ್ವ ಮಿರ್ಚಿ ಗಾಡಿ ಬಿಟ್ಟಳು.

ನನ್ನ ಹೆರಿಗೆ ಕಷ್ಟವಾದೀತು ಎಂದು ಡಾಕ್ಟರು ಹೇಳಿದಾಗ ನಾನೂ ಬಂದು ನಿನ್ನ ಕಾಲಿಗೆ ಬಿದ್ದೆ. ಆ ಮೆಂತ್ಯದ ಹಿಟ್ಟನ್ನು ಕಲಸಿದವಳು ನಾನೇ. ಆದರೂ ಬಿದ್ದೆ, ನಿಜವಾಗಿ ಬೇಡಿಕೊಂಡೆ. ನೀನು ನನ್ನ ಹಣೆಗೆ ಭಂಡಾರ ಹಚ್ಚಿದೆ. ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ನನ್ನ ಮನಸ್ಸಿನಲ್ಲಿ ಏನಿತ್ತು?

ಹೋದ ತಿಂಗಳು ನಡೆದದ್ದನ್ನು ಹೇಳದಿದ್ದರೆ ಇದು ಮುಗಿಯುವುದಿಲ್ಲ. ನನ್ನ ಮಗಳು ಪಲ್ಲವಿಗೆ ನಿನ್ನದೇ ಕೂದಲು ಬಂದಿದೆ. ಜ್ವರ ಬಂದು ಮಲಗಿದಲ್ಲೇ ಮಲಗಿ, ಕುತ್ತಿಗೆಯ ಹಿಂದೆ ಒಂದು ಗಂಟು ಬಿಗಿದುಕೊಂಡಿತ್ತು. ಅತ್ತೆ ಅದನ್ನು ಮುಟ್ಟಿ ನೋಡಿ ಮೆಲ್ಲಗೆ ಹೇಳಿದರು, "ನಿನ್ನ ತಂಗಿ ಕಡಿ ಕರ್ಕಂಡು ಹೋಗು. ಅಮ್ಮ ಆಗಿದ್ರ ಆಕಿ ಹೇಳ್ತಾಳ." ಇದು ಬರೀ ಸಿಕ್ಕು ಎಂದು ಹೇಳುವ ಬಾಯಿ ನನಗೆ ಅಲ್ಲೂ ಬರಲಿಲ್ಲ. ಹಾಗೆ ಹೇಳಿದರೆ, ಹಾಗಾದರೆ ಗಂಗಾಳದ್ದು ಏನು ಎಂದು ಕೇಳಿದರೆ? ಅವಳನ್ನು ಕರೆದುಕೊಂಡು ಬಸ್ಸು ಹತ್ತಿ ನಿನ್ನಲ್ಲಿಗೆ ಬಂದೆ.

ನೀನು ಪಲ್ಲವಿಯ ಗಂಟನ್ನು ಮುಟ್ಟಿ ನೋಡಿದೆ. ಔಡಲೆಣ್ಣೆ ಬೆಚ್ಚಗೆ ಮಾಡಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಆ ಗಂಟನ್ನು ಬೆರಳಿನಿಂದ ಒಂದೊಂದೇ ಎಳೆಯಾಗಿ ಬಿಡಿಸುತ್ತಾ ಕೂತೆ. ಮಧ್ಯಾಹ್ನವೆಲ್ಲ ಹೋಯಿತು. ಊಟಕ್ಕೂ ಏಳಲಿಲ್ಲ. ಪಲ್ಲವಿ ನಿನ್ನ ಜಡೆ ಹಿಡಿದು ಕೇಳಿದಳು.

"ಸಣ್ಣವ್ವ, ನಿಂದ್ಯಾಕ ಹಿಂಗೈತಿ?"

"ನಂದು ಅಮ್ಮಂದು. ನಿಂದು ಬರೀ ಸಿಕ್ಕು."

ಆಮೇಲೆ ನನ್ನ ಮುಖ ನೋಡದೆ ಹೇಳಿದೆ, "ಇನ್ನೊಂದೀಟು ದಿನ ಬಿಟ್ಟಿದ್ರ ಬಿಚ್ಚಾಕ ಬರ್ತಿರಲಿಲ್ಲಕ್ಕ. ನಿಮ್ಮತ್ತಿ ಕೇಳಿದ್ರ, ಅಮ್ಮ ಒಲ್ಲೆ ಅಂದ್ಲು ಅನ್ನು."

ಗಂಗಾ, ನೀನು ಆ ಮಾತನ್ನು ನಂಬಿ ಹೇಳಿದೆಯೋ, ನನ್ನ ಮಗಳನ್ನು ಉಳಿಸಲು ಹೇಳಿದೆಯೋ? ನಿನ್ನದು ಅಮ್ಮನದೇ ಎಂದು ನೀನೀಗ ಒಪ್ಪಿಕೊಂಡಿದ್ದೀಯೋ, ಅಥವಾ ಎಲ್ಲವೂ ಗೊತ್ತಿದ್ದು ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೀಯೋ? ಬಸ್ಸಿನಲ್ಲಿ ಪಲ್ಲವಿ ನಿದ್ದೆ ಹೋದಳು. ಅವಳ ಎಣ್ಣೆ ತಲೆ ನನ್ನ ತೋಳಿನ ಮೇಲಿತ್ತು. ಇವಳಿಗೊಂದು ಮಧ್ಯಾಹ್ನ ಸಾಕಾಯಿತಲ್ಲ ಎಂದು ಹೊಳೆದಾಗ ಅಳಲು ಕೂಡ ಆಗಲಿಲ್ಲ.

ಮೊನ್ನೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಇಷ್ಟೇ ಅಂದಳು, "ಈಗ್ಯಾಕ ಹೇಳ್ತೀ? ಆಕಿ ಮುಂದ ಹೇಳಬ್ಯಾಡ. ಶಾಲಿ ಹೋತು, ಮದುವಿ ಹೋತು. ಆಕಿಗೆ ಉಳಿದಿರೋದು ಅದೊಂದ."

ಅವ್ವ ಹೇಳಿದ್ದು ಸರಿಯಿರಬಹುದು. ಹೇಳಿದರೆ ನಿನಗೆ ಒಳ್ಳೆಯದಾಗುತ್ತದೋ, ಇದ್ದ ಒಂದು ಆಸರೆಯನ್ನೂ ಕಿತ್ತುಕೊಂಡಂತಾಗುತ್ತದೋ — ಎರಡು ದಿನದಿಂದ ಅದೇ ಚಿಂತೆ, ಒಂದು ತೀರ್ಮಾನವೂ ಸಿಕ್ಕಿಲ್ಲ. ಸಿಕ್ಕಿದ್ದು ಇಷ್ಟೇ: ನಿನಗೆ ಏನು ಉಳಿಯಬೇಕು ಎಂದು ಮತ್ತೊಮ್ಮೆ ನಾನು, ಅವ್ವ ಕೂತು ನಿರ್ಧಾರ ಮಾಡುವುದು ಬೇಡ.

ಸೋಮವಾರ ಈ ಹಾಳೆ ಹಿಡಿದುಕೊಂಡು ಬರುತ್ತೇನೆ. ಅತ್ತೆಗೆ ನಿಜ ಹೇಳಿಯೇ ಬರುತ್ತೇನೆ. ಅವರು ಏನೆನ್ನುತ್ತಾರೋ, ತಿರುಗಿ ಮನೆಗೆ ಸೇರಿಸುತ್ತಾರೋ ಗೊತ್ತಿಲ್ಲ. ಮಂಗಳವಾರ ಹೆಂಗಸರು ಬರುವ ಮೊದಲು ನಿನಗೆ ಇದು ಗೊತ್ತಿರಬೇಕು. ಆಮೇಲೆ ನೀನು ಎಂದಿನಂತೆ ಹೊರಗೆ ಬಂದು ಕೂತರೂ, ಬಾಗಿಲು ಹಾಕಿಕೊಂಡರೂ, ನನ್ನನ್ನೇ ಹೊರಗೆ ಕಳಿಸಿದರೂ, ಅದು ನಿನ್ನ ಇಷ್ಟ. ನಾನು ಅಂಗಳದಲ್ಲೇ ಇರುತ್ತೇನೆ. ಬಂದವರು ಏನಾಯಿತು ಎಂದು ಕೇಳಿದರೆ ನೀನು ಬಾಯಿ ಬಿಡಬೇಕಾಗಿಲ್ಲ. ನಾನು ಹೇಳುತ್ತೇನೆ.