ಕಲಿಯಾಕೆ ಮಾರುತೇಶ್

ಜಗಳೂರಿನಲ್ಲಿ ಮಾರುತೇಶ್ ಎಂದರೆ ಯಾವ ಮಾರುತೇಶ್ ಎಂದು ಕೇಳುವವರಿದ್ದಾರೆ. ‘ಕಲಿಯಾಕೆ ಮಾರುತೇಶ್’ ಎಂದರೆ ಮಾತ್ರ ಯಾರೂ ಕೇಳುವುದಿಲ್ಲ. ನಗುತ್ತಾ ಬಣ್ಣದ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಈ ಅಡ್ಡಹೆಸರು ಅವನಿಗೆ ಅಂಟಿಕೊಂಡ ಕಥೆಯನ್ನು ಅವನೇ ಈಗ ಚಹಾ ಕುಡಿಯುತ್ತಾ ಹೇಳುತ್ತಾನೆ. ಮೂರು ವರ್ಷ ಅದರ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ.

ಇಪ್ಪತ್ತೆರಡು ವರ್ಷ ಗೋಡೆ ಮೇಲೆ ಅಕ್ಷರ ಬರೆದವನು ಮಾರುತೇಶ್. ಪಂಚಾಯಿತಿ ಕಚೇರಿಯ ನಾಮಫಲಕ, ಹಾಲಿನ ಡೇರಿಯ ಗೋಡೆ, ಟ್ರ್ಯಾಕ್ಟರಿನ ಹಿಂದೆ ಮನೆದೇವರ ಹೆಸರು, ಎಲ್ಲ ಅವನದೇ ಕೈ. ಫ್ಲೆಕ್ಸ್ ಬಂದು ಅರ್ಧ ಕೆಲಸ ನುಂಗಿತು, ನಿಜ. ಆದರೂ ಒಳ್ಳೆಯ ಅಕ್ಷರ ಬೇಕೆನ್ನುವವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದರಲ್ಲೂ ಅವನ ‘ಳ’! ಜಗಳೂರಿನ ‘ಳ’ವನ್ನು ಅವನು ಬರೆದರೆ ಹೊಟ್ಟೆ ತುಂಬಿದ ಬೆಕ್ಕು ಕೂತ ಹಾಗೆ ಕೂತಿರುತ್ತಿತ್ತು.

ಊರಿನಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯೊಂದರ ಶಾಲೆಗೆ ಹೊಸ ಕಮಾನು ಕಟ್ಟಿದಾಗ ಹೆಡ್‌ಮಾಸ್ಟರ್ ಪಂಚಾಕ್ಷರಪ್ಪ ಅವನಿಗೇ ಫೋನ್ ಮಾಡಿದರು. ಏನು ಬರೆಯಬೇಕೆಂಬುದನ್ನೂ ಫೋನಿನಲ್ಲೇ ಹೇಳಿದರು: “ಕಲಿಯಾಕೆ ಒಳಗೆ ಬಾ, ಸೇವೆ ಮಾಡಾಕೆ ಹೊರಗೆ ಹೋಗು ಅಂತ ಬರೀರಿ ಮಾರುತೇಶ್. ದೊಡ್ಡಕ್ಷರದಾಗೆ ಬರಲಿ.” ಮಾರುತೇಶ್ ದೊಡ್ಡಕ್ಷರದಲ್ಲೇ ಬರೆದ. ಕೆಳಗಿಳಿದು, ದೂರ ನಿಂತು, ಎರಡು ಸಲ ಓದಿದ. ಒಂದು ತಪ್ಪೂ ಕಾಣಲಿಲ್ಲ.

ಉದ್ಘಾಟನೆಗೆ ಬಂದ ಅತಿಥಿಗಳಿಗೆ ಕಂಡಿತು. ಮೈಕಿನಲ್ಲಿ ರಾಗವಾಗಿ ಓದಿದರು: “ಕಲಿ-ಯಾ-ಕೆ! ಕಲಿಯಲು ಅಂತ ಬರೆಯೋಕೆ ಬರಲ್ಲವಾ? ಮಕ್ಕಳು ಇದನ್ನು ನೋಡಿ ಕಲಿಯಬೇಕಾ? ಯಾರ್ರೀ ಬರೆದದ್ದು?” ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಮನೆಯಲ್ಲಿ ದಿನವಿಡೀ ‘ತಿನ್ನಾಕೆ’, ‘ಕುಡಿಯಾಕೆ’ ಎನ್ನುವವರೇ ಹೆಚ್ಚು ನಕ್ಕರು. ಪಂಚಾಕ್ಷರಪ್ಪ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಾ ಕೂತರು. ಸಂಜೆಯೊಳಗೆ ಕಮಾನಿನ ಫೋಟೋ ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳನ್ನೂ ಸುತ್ತಿ ಬಂತು.

ಮಾರುತೇಶನಿಗೆ ನಗು ಅಷ್ಟಾಗಿ ಚುಚ್ಚಲಿಲ್ಲ. ಎರಡು ಸಲ ಓದಿದರೂ ತನಗೆ ತಪ್ಪು ಕಾಣಲಿಲ್ಲವಲ್ಲ, ಅದು ಚುಚ್ಚಿತು. ಮರುವಾರ ಡೇರಿಯ ಗೋಡೆಗೆ ‘ಹಾಲು’ ಎಂದು ಬರೆಯಲು ಹೋದವನಿಗೆ ಆ ಎರಡಕ್ಷರವೂ ಸರಿಯೋ ತಪ್ಪೋ ಎಂದು ಅನುಮಾನ ಬಂತು. ಕೈ ನಡುಗಿತು. ‘ಹಾ’ದ ದೀರ್ಘ ಜಾರಿ ಕಿಟಕಿಯವರೆಗೂ ಹೋಯಿತು. ಅವತ್ತೇ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟು, ಭಾವಮೈದ ಪರಮೇಶನ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕೆ ಕೂತ. ದಿನವಿಡೀ ಡಬ್ಬಿಗಟ್ಟಲೆ ಬಣ್ಣ ಮಾರುತ್ತಿದ್ದ; ತಾನು ಒಂದು ಹನಿ ಮುಟ್ಟುತ್ತಿರಲಿಲ್ಲ.

ಅವನ ಹೆಂಡತಿ ದುರ್ಗಾಂಬಿಕಾ ಅಂಗನವಾಡಿ ಕಾರ್ಯಕರ್ತೆ. ಎರಡು ವರ್ಷ ಬಾಯಿ ಬಿಗಿಹಿಡಿದು ನೋಡಿದಳು. ಮೂರನೆಯ ವರ್ಷದ ಮೊದಲ ದಿನ, ಗೊಬ್ಬರದ ಅಂಗಡಿಯವರು ಹಂಚಿದ ಡೈರಿಯೊಂದನ್ನು ತಂದು ಅವನ ತಿಂಡಿ ತಟ್ಟೆಯ ಪಕ್ಕ ಇಟ್ಟಳು.

“ದಿನಾ ಒಂದು ಚಿತ್ರ, ಕೆಳಗೆ ಒಂದು ಸಾಲು. ಭಾನುವಾರನೂ ರಜಾ ಇಲ್ಲ,” ಎಂದಳು.

“ನನ್ನ ಕೈ ಹೋಗೈತೆ ದುರ್ಗಾ. ನಿನಗೆ ಗೊತ್ತಿಲ್ಲೇನು?”

“ನಮ್ಮ ಅಂಗನವಾಡಿ ಮಕ್ಕಳು ಬಳಪ ಹಿಡಿದ ದಿನ ಏನ್ ಬರೀತಾವೆ? ಗೀಚ್ತಾವೆ. ನಾನೇನು ಬೈತೀನೇನ್ರೀ? ಗೀಚ್ರಿ ನೀವೂನೂ. ನಮ್ಮ ಸೂಪರ್‌ವೈಸರ್ ಮೇಡಂ ನನ್ನ ರಿಜಿಸ್ಟರ್ ನೋಡಿದಂಗೆ ನಾನು ದಿನಾ ನೋಡಿ ಸಹಿ ಹಾಕ್ತೀನಿ.”

“ಸಾಲು ತಪ್ಪಾದ್ರೆ?”

“ಮಾತಾಡಿದಂಗೆ ಬರೀರಿ. ಓದಾಕೆ ನಾನೊಬ್ಳೇ ಇರೋದು.”

ಮೊದಲ ದಿನ ಎದುರಿಗಿದ್ದ ಚೊಂಬು ಬರೆದ. ಕೈ ನಡುಗಿ ಅದರ ಹೊಟ್ಟೆ ಎಲ್ಲೆಲ್ಲೋ ಉಬ್ಬಿತು. ಕೆಳಗೆ ಬರೆದ: ‘ಚೊಂಬು ಬರೆಯಾಕೆ ಹೋದೆ. ಕುಂಬಳಕಾಯಿ ಆಗೈತೆ.’ ದುರ್ಗಾಂಬಿಕಾ ಕೆಂಪು ಪೆನ್ನು ತೆಗೆದು ಮೂಲೆಯಲ್ಲಿ ‘ನೋಡಿದೆ. ದು.’ ಎಂದು ಗೀಚಿ ಕೆಲಸಕ್ಕೆ ಹೊರಟಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ.

ಮರುದಿನವೂ ಚೊಂಬು. ಅದರ ಮರುದಿನವೂ ಚೊಂಬು. ಹನ್ನೊಂದನೆಯ ದಿನದ ಸಾಲು: ‘ಇವತ್ತು ಇದರಾಗೆ ನೀರು ತುಂಬಬಹುದು.’ ಆಮೇಲೆ ಅಂಗಡಿಯ ಏಣಿ, ಬಣ್ಣ ಕಲಕುವ ಕೋಲು, ಡಬ್ಬಿಗಳ ಮೇಲೆ ಮಲಗುವ ಬೆಕ್ಕು ಡೈರಿಗೆ ಬಂದವು. ಯುಗಾದಿಯ ಹೊತ್ತಿಗೆ ಮನುಷ್ಯರೂ ಬಂದರು. ಮೊದಲು ಸಿಕ್ಕಿಬಿದ್ದವರು ಮೂಕಪ್ಪ. ಇವರು ದಿನಾ ಬೆಳಿಗ್ಗೆ ಪುಕ್ಕಟೆ ಪೇಪರ್ ಓದಲು ಅಂಗಡಿಗೆ ಬಂದು ಕೂರುವ ಹಿರಿಯರು. ಅವರ ಚಿತ್ರದ ಕೆಳಗಿನ ಸಾಲು: ‘ಹೆಸರು ಮೂಕಪ್ಪ. ಇಟ್ಟೋರು ಯಾರೋ, ಒಂದು ಗಂಟೆ ಕೂಡ ಇವರ ಜತೆ ಕೂತಿಲ್ಲ.’

ಅದನ್ನು ಮೂಕಪ್ಪನೇ ಒಂದು ದಿನ ಇಣುಕಿ ಓದಿಬಿಟ್ಟರು. ಮಾರುತೇಶ್ ಡೈರಿ ಮುಚ್ಚಲು ಕೈ ಚಾಚಿದ. ಮೂಕಪ್ಪ ಕನ್ನಡಕ ಮೇಲೆತ್ತಿ ಚಿತ್ರವನ್ನೇ ನೋಡಿದರು.

“ಏನಪ್ಪ ಮಾರುತೇಶಿ, ನನ್ನ ಕಿವಿ ಇಷ್ಟು ದೊಡ್ಡವು ಅದಾವೇನು?”

“ಅದಾವೆ ಅಣ್ಣಾರೆ.”

“ಹಂಗಾರೆ ಸರಿಯಾಗೈತೆ ಬಿಡು. ಮೂಗು ಇನ್ನೊಂಚೂರು ಉದ್ದ ಮಾಡು,” ಎಂದು ಪೇಪರಿನೊಳಗೆ ಮುಳುಗಿದರು.

ಅಂದಿನಿಂದ ಮಾರುತೇಶ್ ಯಾರಿಂದಲೂ ಮುಚ್ಚಿಡದೆ ಬರೆಯತೊಡಗಿದ. ಗಿರಾಕಿ ಬರುವ ಮುಂಚೆ ಒಂದು ಗಳಿಗೆ ಸಿಕ್ಕರೆ ಸಾಕು, ಡೈರಿ ತೆರೆಯುತ್ತಿತ್ತು. ಶ್ರಾವಣದಲ್ಲೊಂದು ದಿನ ತನ್ನಷ್ಟಕ್ಕೇ ಕೈ ಆ ಶಾಲೆಯ ಕಮಾನನ್ನೇ ಬರೆಯಿತು, ‘ಕಲಿಯಾಕೆ’ ಸಮೇತ. ಅವನು ಬಹಳ ಹೊತ್ತು ನೋಡಿ ಕೆಳಗೆ ಬರೆದ: ‘ನಾನು ಬರೆದ ಕಮಾನು. ಮಾತು ತಪ್ಪಾಗಿರಬಹುದು, ಅಕ್ಷರ ಸೊಟ್ಟ ಆಗಿರಲಿಲ್ಲ.’ ದುರ್ಗಾಂಬಿಕಾ ಅದನ್ನು ಓದಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಹಿ ಮಾತ್ರ ಅದೇ: ‘ನೋಡಿದೆ. ದು.’ ಒಂದು ದಿನವಾದರೂ ಇವಳು ಬೇರೆ ಏನಾದರೂ ಬರೆಯಬಾರದೇ ಎಂದು ಅವನಿಗೆ ಆಸೆಯಾಗುತ್ತಿತ್ತು. ಕೇಳಲಿಲ್ಲ, ಬಿಗುಮಾನ.

ಡಿಸೆಂಬರಿನಲ್ಲಿ ಪಂಚಾಕ್ಷರಪ್ಪ ಅಂಗಡಿಗೆ ಬಂದರು. ಶಾಲೆಗೆ ಐವತ್ತು ತುಂಬುತ್ತದೆ, ಕಮಾನಿನ ಬಣ್ಣ ಎದ್ದಿದೆ, ದಾವಣಗೆರೆಯಿಂದ ಪೇಂಟರ್ ಬರುತ್ತಾನೆ, ಎರಡು ಡಬ್ಬಿ ಬಣ್ಣ ಬೇಕು ಎಂದರು. ಇದನ್ನೆಲ್ಲ ಮಾರುತೇಶನ ಮುಖ ನೋಡದೆ ಗಲ್ಲಾದ ಕಡೆ ತಿರುಗಿ ಹೇಳಿದರು. ಮಾರುತೇಶ್ ಡಬ್ಬಿ ತರಲು ಒಳಗೆ ಹೋದ. ಮೂಕಪ್ಪ ಸುಮ್ಮನಿರುವ ಜಾತಿಯವರೇ?

“ದಾವಣಗೆರೆಯೋನು ಯಾಕ್ರೀ ಮೇಷ್ಟ್ರೆ? ಇಲ್ನೋಡ್ರಿ,” ಎಂದು ಡೈರಿಯನ್ನು ಅವರ ಕೈಗೆ ತುರುಕಿದರು.

ಮಾರುತೇಶ್ ಡಬ್ಬಿ ಹಿಡಿದು ಬರುವಷ್ಟರಲ್ಲಿ ಪಂಚಾಕ್ಷರಪ್ಪ ಕಮಾನಿನ ಪುಟದಲ್ಲಿ ನಿಂತುಬಿಟ್ಟಿದ್ದರು. ಅವನ ಬಾಯಿ ಅದರಷ್ಟಕ್ಕೆ ಅದು ಹೇಳಿತು: “ಕಮಾನು ನಾನೇ ಬರೀತೀನಿ ಸರ್. ಅದು ನನ್ನ ಕೆಲಸ.”

ಪಂಚಾಕ್ಷರಪ್ಪ ಡೈರಿ ಮುಚ್ಚಿದರು. “ಮಾರುತೇಶ್, ಅವತ್ತು ಫೋನಿನಾಗೆ ‘ಕಲಿಯಾಕೆ’ ಅಂತ ಹೇಳಿದ್ದು ನಾನೇ. ಎಲ್ಲರ ಮುಂದೆ ಹೇಳಾಕೆ ನಾಚಿಕೆ ಆತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದೋನು ನಾನು. ನಿಮ್ಮನ್ನ ಮುಂದೆ ಬಿಟ್ಟು ಸುಮ್ಮನೆ ಕೂತೆ.”

ಮಾರುತೇಶನಿಗೆ ಸಿಟ್ಟು ಬಂತು. ಸುಳ್ಳು ಯಾಕೆ, ಡಬ್ಬಿ ಕೆಳಗಿಡುವಾಗ ಸ್ವಲ್ಪ ಸದ್ದಾಗುವಂತೆಯೇ ಇಟ್ಟ. ಆಮೇಲೆ ಅವರ ಬೋಳುತಲೆಯ ಮೇಲೆ ಬೆವರು ಮೂಡಿದ್ದು ಕಂಡು ಸಿಟ್ಟು ಇಳಿಯಿತು. ಆ ಬೋಳುತಲೆಯನ್ನು ಎಷ್ಟು ಗೆರೆಯಲ್ಲಿ ಬರೆಯಬಹುದೆಂದು ಲೆಕ್ಕ ಹಾಕತೊಡಗಿದ.

“ಆಗ್ಲಿ ಬಿಡ್ರಿ ಸರ್. ಈ ಸಲ ಚೀಟಿಯಾಗೆ ಬರೆದು ಕೊಡ್ರಿ. ಬಾಯಾಗೆ ಮಾತ್ರ ಹೇಳಬ್ಯಾಡ್ರಿ,” ಎಂದ. ಮೂಕಪ್ಪ ಪೇಪರ್ ಬಿದ್ದುಹೋಗುವಷ್ಟು ನಕ್ಕರು.

ಕಮಾನಿನ ದಿನ ಬೆಳಿಗ್ಗೆ ಏಣಿ ಹತ್ತಿ, ದಾರಕ್ಕೆ ಸೀಮೆಸುಣ್ಣ ಹಚ್ಚಿ ನೇರ ಗೆರೆ ಹೊಡೆದ. ಕುಂಚ ಕೈಗೆ ತೆಗೆದುಕೊಂಡ ಕೂಡಲೇ ಬೆರಳು ನಡುಗಿದವು. ಕೆಳಗೆ ಮಕ್ಕಳು, ಮೇಷ್ಟ್ರುಗಳು, ಅರ್ಧ ಊರು. ಮಾರುತೇಶ್ ಕುಂಚ ಕೆಳಗಿಟ್ಟು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕಮಾನಿನ ಮೂಲೆಯಲ್ಲಿ ಒಂದು ಚೊಂಬು ಬರೆದ. ದಿನಾ ಬೆಳಿಗ್ಗೆ ಬರೆಯುವ ಹಾಗೆಯೇ ಬರೆದ. ಅದರ ಹೊಟ್ಟೆ ದುಂಡಗೆ ಬಂತು. ಆಮೇಲೆ ಚೀಟಿ ನೋಡಿಕೊಂಡು ಶುರು ಮಾಡಿದವನು ಮಧ್ಯಾಹ್ನದ ಊಟದ ಗಂಟೆಗೆ ‘ಕಲಿಯಲು ಒಳಗೆ ಬಾ, ಸೇವೆ ಮಾಡಲು ಹೊರಗೆ ಹೋಗು’ ಎಂದು ಮುಗಿಸಿದ. ‘ಒಳಗೆ’ಯ ‘ಳ’ ನೋಡಿ ಹಳಬರೊಬ್ಬರು ಶಿಳ್ಳೆ ಹೊಡೆದರು.

“ಒಳಗಿನ ಬದಿ ಖಾಲಿ ಐತಲ್ಲ ಸರ್, ಅಲ್ಲಿ ಏನು?” ಎಂದು ಕೇಳಿದ.

“ಅದಕ್ಕೆ ಚೀಟಿ ಇಲ್ಲ. ಅದು ನಿಮ್ಮ ಡೈರಿ ಪುಟ ಅಂದ್ಕೊಳ್ರಿ,” ಎಂದರು ಪಂಚಾಕ್ಷರಪ್ಪ.

ಸಂಜೆ ಮನೆಗೆ ಹೊರಟ ಮಕ್ಕಳು ಕಮಾನಿನ ಕೆಳಗೆ ಹಿಂಡುಗಟ್ಟಿ, ಒಳಬದಿಯಲ್ಲಿ ಅವನು ಬರೆದದ್ದನ್ನು ಒಕ್ಕೊರಲಿನಿಂದ ಓದಿದವು: ‘ನಾಳೆ ಮತ್ತೆ ಕಲಿಯಾಕೆ ಬರ್ರಿ.’ ಮಕ್ಕಳೂ ನಕ್ಕವು. ಈ ನಗು ಕೇಳಿ ಮಾರುತೇಶನಿಗೆ ಏಣಿಯ ಮೇಲೆ ಇನ್ನೊಂದು ಗಳಿಗೆ ಕೂರೋಣ ಎನಿಸಿತು.

ನಾಲ್ಕೂವರೆ ಬಸ್ಸಿಗೆ ದುರ್ಗಾಂಬಿಕಾ ಬಂದಿಳಿದಳು. ಬೆಳಿಗ್ಗೆ ಡೈರಿಯ ಪುಟದಲ್ಲಿ ಚಿತ್ರವಿರಲಿಲ್ಲ, ‘ಇವತ್ತಿಂದು ಗೋಡೆ ಮ್ಯಾಲೆ ಐತೆ. ಅಲ್ಲೇ ಬಂದು ನೋಡು’ ಎಂಬ ಸಾಲು ಮಾತ್ರ ಇತ್ತು. ಆಚೆ ಬದಿ ಓದಿದಳು, ಈಚೆ ಬದಿ ಓದಿದಳು, ಮೂಲೆಯ ಚೊಂಬನ್ನು ಬೆರಳು ತೋರಿಸಿ ನಕ್ಕಳು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಕಂಬದ ಬುಡದಲ್ಲಿ ಗೀಚಿದಳು. ಕಂಬದ ಮೇಲೆ ಆ ಪೆನ್ನು ಮೂಡಲಿಲ್ಲ. ಅವನ ಸಣ್ಣ ಕುಂಚವನ್ನು ಕಸಿದುಕೊಂಡು ಕೆಂಪು ಬಣ್ಣದಲ್ಲಿ ಅದ್ದಿ, ನಾಲಿಗೆ ಕಚ್ಚಿಕೊಂಡು, ಮಗ್ಗಿ ಬರೆಯುವ ಮಕ್ಕಳಂತೆ ಕುಕ್ಕರಗಾಲಲ್ಲಿ ಕೂತು ಬರೆದಳು.

‘ನೋಡಿದೆ. ಚೆನ್ನಾಗೈತೆ. ದು.’

ಪಂಚಾಕ್ಷರಪ್ಪ ಏನೋ ತಿದ್ದಲು ಬಾಯಿ ತೆರೆದು ಮುಚ್ಚಿಕೊಂಡರು. ಮಾರುತೇಶ್ ಬಗ್ಗಿ ಎರಡು ಸಲ ಓದಿದ. ಒಂದು ತಪ್ಪೂ ಕಾಣಲಿಲ್ಲ.