ಅಕ್ಕಿಯಲ್ಲಿ ಬರೆದ ಹೆಸರಿಗೆ ಸಾಕ್ಷಿ

ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ತಟ್ಟೆ ಹಿತ್ತಾಳೆಯದೋ ಬೆಳ್ಳಿಯದೋ, ಮರೆತಿದೆ. ನನಗಾಗ ಆರು ವರ್ಷ. (ಐದೂ ಇರಬಹುದು.) ಉಡುಪಿಯಲ್ಲಿ ಚಿಕ್ಕಮ್ಮನ ಮದುವೆ. ನಮ್ಮ ಕೊಂಕಣಿ ಮನೆಗಳ ಪದ್ಧತಿಯಂತೆ ಚಿಕ್ಕಪ್ಪ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆದರು. ವತ್ಸಲಾ ಹೋಗಿ ಸುಮತಿ ಬಂದಳು. ಅಕ್ಕಿ ಪಾಯಸಕ್ಕೆ ಹೋಯಿತು.

ಕಳೆದ ವಾರ, ಈಗ ಅವರಿರುವ ವರ್ತಕ ನಗರದಿಂದ ಚಿಕ್ಕಮ್ಮನ ಫೋನ್. "ನಾನು ಇಬ್ಬರಂತೆ ಮಾರಾಯ್ತಿ! ಒಬ್ಬಳನ್ನು ತೆಗೆದುಹಾಕ್ತಾರಂತೆ." ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಕಣ್ಣಿನ ಆಪರೇಷನ್‌ಗೆ ಬೇಕಾದ ಸರಕಾರಿ ಕಾರ್ಡ್ ಇದರಿಂದಾಗಿ ಬಂದ್ ಆಗಿತ್ತು. ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದಕ್ಕೆ ತಡಮಾಡಬೇಡಿ ಎಂದಿದ್ದಾರೆ ಡಾಕ್ಟರ್.

ನಾನಿರುವ ಡೊಂಬಿವಲಿಯಿಂದ ಓಡಿದೆ. ಸೇವಾ ಕೇಂದ್ರದವನು ತಲೆ ಎತ್ತಲಿಲ್ಲ. "ಸಿಸ್ಟಮ್ ಮೇ ದೋ ಔರತ್ ಹೈ, ಮ್ಯಾಡಮ್. ಜನ್ಮದಿನ್ ಏಕ್, ಮೊಬೈಲ್ ಏಕ್, ನಾಮ್ ದೋ." ಹುಟ್ಟಿದ ದಿನ, ಮೊಬೈಲ್ ಒಂದೇ, ಹೆಸರು ಮಾತ್ರ ಎರಡು: ಶಾಲೆ, ಬ್ಯಾಂಕಿನ ಕಾಗದಗಳಲ್ಲಿ ವತ್ಸಲಾ, ರೇಷನ್ ಕಾರ್ಡಿನಲ್ಲಿ ಸುಮತಿ. ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡವರ ಅಫಿಡವಿಟ್ ಬೇಕಂತೆ.

ಕಂಡವರಲ್ಲಿ ಉಳಿದವಳು ನಾನೊಬ್ಬಳೇ.

ಚಿಕ್ಕಮ್ಮನ ಮಗ ನಿಖಿಲ್ ಘಣಸೋಲಿಯ ಕಂಪನಿಯೊಂದರಲ್ಲಿದ್ದಾನೆ. ಸರಕಾರಗಳು ಒಬ್ಬ ಮನುಷ್ಯನ ಮಾಹಿತಿಯನ್ನು ಹೇಗೆ ಬರೆದಿಡಬೇಕು ಎಂದು ಸ್ಟ್ಯಾಂಡರ್ಡ್ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯ ಸಮಿತಿಯಲ್ಲಿ ಸದಸ್ಯ. ಹತ್ತಾರು ದೇಶದವರು ಸ್ಕ್ರೀನಿನಲ್ಲಿ ಕೂತು ಒಂದು ಕಾಲಂ ಬಗ್ಗೆ ತಿಂಗಳುಗಟ್ಟಲೆ ವಾದಿಸುತ್ತಾರಂತೆ. ಅಕ್ಕಿಯ ತಟ್ಟೆ ಕಂಡವರು ಅವರಲ್ಲಿ ಎಷ್ಟು ಜನ? ಅವನಿಗೇ ಫೋನ್ ಮಾಡಿದೆ.

"ನಿಮ್ಮ ಸ್ಟ್ಯಾಂಡರ್ಡ್‌ನಲ್ಲಿ ಹಳೆ ಹೆಸರಿಗೆ ಜಾಗ ಇಲ್ವೇನೋ?"

"ಹೈ ನಾ, ದೀದಿ. ಆಪ್ಷನಲ್ ಹೈ, ತುಂಬಲೇಬೇಕು ಅಂತಿಲ್ಲ. ಇಲ್ಲಿ ಯಾರೂ ತುಂಬಲಿಲ್ಲ, ಬಸ್."

"ಆಪ್ಷನಲ್ ಮಾಡಿದ್ದು ಯಾರು?"

"ಮೀಟಿಂಗ್‌ನಲ್ಲಿ ಎಲ್ಲರೂ ಯೆಸ್ ಅಂದ್ರು. ನಾನೂ ಅಂದೆ. ನೀನು ಅಫಿಡವಿಟ್‌ಗೆ ಸೈನ್ ಕರ್ ದೇ ನಾ."

ಸೈನ್! 'ನಾನು ಕಣ್ಣಾರೆ ಕಂಡಿದ್ದೇನೆ' ಎಂದು ಟೈಪಾಗಿದೆ. ಕಂಡೆನೆ? ಆರು ವರ್ಷದವಳು ಅಕ್ಕಿಯ ಮೇಲಿನ ಅಕ್ಷರ ಓದಿದ್ದೆನೆ? ಅಥವಾ ಅಮ್ಮ ಹೇಳಿ ಹೇಳಿ ಕಂಡಂತಾಗಿದೆಯೆ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಈಗ ಒಬ್ಬರ ಕಣ್ಣು ಅದರ ಮೇಲೆ ನಿಂತಿದೆ. ಸುಳ್ಳಾದರೆ ನನಗೆ ಕೋರ್ಟು. ಸುಮ್ಮನಿದ್ದರೆ ಅವರಿಗೆ ಕತ್ತಲೆ.

ಎದುರಿಗೆ ಕೂತ ಚಿಕ್ಕಮ್ಮ ನನ್ನ ಮುಖವಿರುವ ಕಡೆಗೆ ಅಂದಾಜಿನಲ್ಲಿ ನೋಡುತ್ತಿದ್ದರು. ಸಹಿ ಹಾಕಿದೆ. ನನ್ನ ಸಹಿಯೇ ನನ್ನದಲ್ಲವೆನಿಸಿತು.

ಕಾಗದ ಒಪ್ಪುತ್ತಾರೋ ಇಲ್ಲವೋ, ಇನ್ನೂ ತಿಳಿದಿಲ್ಲ. ಅಂದೇ ನಿಖಿಲ್‌ಗೆ ಮೆಸೇಜ್ ಮಾಡಿದ್ದೆ: "ಅವರು ಸುಮತಿಯನ್ನು ಅಳಿಸಿದರೆ, ನಿನ್ನ ಬರ್ತ್ ಸರ್ಟಿಫಿಕೇಟ್‌ನಲ್ಲಿರುವ ತಾಯಿ ಯಾರೋ?"